ನನ್ನ ಮಗಳು ಊಟ ಬಿಟ್ಟವಳಲ್ಲ

ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಗಳೇ, ಮಾನ್ಯರೇ,

ನನ್ನ ಮೊಮ್ಮಗಳನ್ನು ಅವಳ ತಾಯಿಯೇ ಉಪವಾಸ ಕೆಡವಿ ಕೊಂದಳೆಂದು ತಾವು ತೀರ್ಪು ಕೊಟ್ಟಿರಿ. ಅದೂ ಎಲ್ಲಿ? ತುಂಬಿದ ಹೆರಿಗೆ ವಾರ್ಡಿನಲ್ಲಿ, ಕಲಿಯುವ ಡಾಕ್ಟರುಗಳನ್ನು ಸುತ್ತ ನಿಲ್ಲಿಸಿಕೊಂಡು. "ಹೊಟ್ಟೆ ತುಂಬ ತಿನ್ನೋಕೆ ಏನಮ್ಮ ದಾಡಿ? ತೆಳ್ಳಗಿರೋ ಹುಚ್ಚು! ಈಗ ಅತ್ತರೆ ಮಗು ಬರುತ್ತಾ?" ಮಗು ಹೋಗಿ ಇನ್ನೂ ಒಂದು ದಿನ ಆಗಿರಲಿಲ್ಲ. ತಮ್ಮ ಜ್ಞಾನಕ್ಕೆ ಕೈ ಮುಗಿಯಬೇಕು!

ಆ ತಿನ್ನದವಳು ಬಸುರಿಯಾಗಿದ್ದಷ್ಟು ದಿನವೂ ನನ್ನ ತಟ್ಟೆಗೂ ಕೈ ಹಾಕಿ, "ಅಮ್ಮಾ, ನಿನಗೆ ಹೇಗಿದ್ರೂ ಹಸಿವಿಲ್ಲ ಅಲ್ವಾ?" ಎಂದು ನಗುತ್ತಿದ್ದಳು. ಅಳಿಯ ಬೇಕರಿ ಕೆಲಸದವನು, ಬರಿಗೈಲಿ ಮನೆಗೆ ಬಂದದ್ದೇ ಇಲ್ಲ. ಆದರೂ ಮಗು ದಿನ ತುಂಬುವ ಮೊದಲೇ ಹುಟ್ಟಿತು, ಬರೀ ಒಂದೂವರೆ ಕಿಲೋ.

ತಾವು ಹೋದ ಮೇಲೆ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಹಿಂದೆ ಉಳಿದರು. ಮಗಳ ಪಕ್ಕ ಕೂತು ಕೇಳಿದರು: "ನೀವು ಹುಟ್ಟಿದಾಗ ಎಷ್ಟು ತೂಕ ಇದ್ರಿ?" ಇಷ್ಟು ತಿಂಗಳ ತಪಾಸಣೆಯಲ್ಲಿ ಯಾರೂ ಕೇಳದ ಪ್ರಶ್ನೆ. ಉತ್ತರ ಕೊಟ್ಟವಳು ನಾನು: ಎರಡು ಕಿಲೋನೂ ಇರಲಿಲ್ಲ, ಅದಕ್ಕೇ ಗುಬ್ಬಿ ಅಂತ ಹೆಸರು ಬಿತ್ತು. ಸಣ್ಣಗೆ ಹುಟ್ಟಿದ ಹೆಣ್ಣು ತಾಯಿಯಾಗುವಾಗ ಅವಳ ಕೂಸೂ ಸಣ್ಣಗೆ, ಬೇಗ ಹುಟ್ಟುವ ಸಂಭವ ಹೆಚ್ಚು ಎಂದು ಅವರು ಬಿಡಿಸಿ ಹೇಳಿದರು. "ಎಲ್ರಿಗೂ ಹಾಗೇ ಆಗುತ್ತೆ ಅಂತಲ್ಲ. ಮೊದ್ಲೇ ಗೊತ್ತಿದ್ದಿದ್ರೆ ಇನ್ನಷ್ಟು ಹುಷಾರಾಗಿ ನೋಡ್ಕೋಬಹುದಿತ್ತು. ನಿಮ್ಮ ತಪ್ಪಿಲ್ಲ."

ಹಾಗಾದರೆ ಗುಬ್ಬಿ ಸಣ್ಣಗೆ ಹುಟ್ಟಿದ್ದು ಯಾಕೆ? ತಮ್ಮ ಕುರ್ಚಿಯನ್ನೇ ಕೇಳಿ. ಅವಳು ಹೊಟ್ಟೆಯಲ್ಲಿದ್ದಾಗ ನಾನು ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ, ಬಾಯ್ಲರ್ ಪಕ್ಕ, ಒದ್ದೆ ಹೊದಿಕೆಗಳನ್ನು ಎತ್ತುತ್ತ ನಿಂತಿದ್ದೆ. ಕೂತು ಮಡಿಸುವ ಕೆಲಸ ಕೊಡಿ ಎಂದು ಆಗ ಆ ಕುರ್ಚಿಯಲ್ಲಿ ಕೂತಿದ್ದವರ ಮುಂದೆ ಅಂಗಲಾಚಿದೆ. "ಬಸಿರು ಕಾಯಿಲೆಯಲ್ಲ" ಎಂದು ಉತ್ತರ ಬಂತು. ನೋವು ಕಾಣಿಸಿದ ದಿನದವರೆಗೂ ನಿಂತೇ ಇದ್ದೆ. ಅದೊಂದೇ ಕಾರಣ ಎಂದು ನಾನು ಆಣೆ ಮಾಡಲಾರೆ. ತಾವು ಮಾತ್ರ ನನ್ನ ಮಗಳ ತಟ್ಟೆಯ ಮೇಲೆ ಎಷ್ಟು ಸಲೀಸಾಗಿ ಆಣೆ ಮಾಡಿದಿರಿ!

ಅವಳು ತಟ್ಟೆ ಪಕ್ಕಕ್ಕೆ ತಳ್ಳುತ್ತಿರುವುದು ಈಗ. "ಅಮ್ಮಾ, ನಿಜ ಹೇಳು. ನಾನೇ ಕೊಂದ್ನಾ?" ಎಂದು ನನ್ನನ್ನೇ ಕೇಳುತ್ತಾಳೆ. ಇನ್ನೂ ಅದೇ ಕೋಣೆಯಲ್ಲಿ ದುಡಿಯುವ ನನಗೆ ವಯಸ್ಸಾಯಿತೆಂದು ಈಗ ಮಡಿಸುವ ಮೇಜು ಕೊಟ್ಟಿದ್ದೀರಿ. ತೀರಿಕೊಂಡ ಮೊಮ್ಮಗಳನ್ನು ಸುತ್ತಿ ಕೊಟ್ಟ ಬಟ್ಟೆ ಮಡಿಸಿದವಳೂ ನಾನೇ, ಸ್ವಾಮಿ.

ವಾರ್ಡಿನಲ್ಲಿ ಆಡಿದ ಮಾತನ್ನು ಅದೇ ವಾರ್ಡಿನಲ್ಲಿ, ಗುಬ್ಬಿಯ ಎದುರಿಗೆ ಹಿಂದಕ್ಕೆ ತೆಗೆದುಕೊಳ್ಳಿ. ಇನ್ನೊಂದು ಮಾತು. ಬಾಯ್ಲರ್ ಪಕ್ಕ ನಾನು ನಿಂತಿದ್ದ ಜಾಗದಲ್ಲೇ ಇವತ್ತು ಒಬ್ಬ ಬಸುರಿ ನಿಂತಿದ್ದಾಳೆ. ನಿನ್ನೆ ನಾವಿಬ್ಬರೂ ಜಾಗ ಬದಲಿಸಿಕೊಂಡೆವು. ಮೇಲ್ವಿಚಾರಕ ಬಂದು, "ಯಾರಪ್ಪನ ಮನೆ ಇದು? ಸಾಹೇಬರ ಅಪ್ಪಣೆ ಇಲ್ದೆ ಆಗಲ್ಲ" ಎಂದು ಅವಳನ್ನು ಮತ್ತೆ ಅಲ್ಲಿಗೇ ಕಳಿಸಿದ. ಅಪ್ಪಣೆ ಕೊಡಿ. ಅವಳು ಕೂರಲಿ, ಬಾಯ್ಲರಿಗೆ ನಾನು ಹೋಗುತ್ತೇನೆ. ಅವಳ ಹೊಟ್ಟೆಯಲ್ಲಿರುವುದು ಹೆಣ್ಣಾದರೆ ಅಲ್ಲಿ ಬೇಯುತ್ತಿರುವುದು ಅವಳೂ ಆ ಕೂಸೂ ಮಾತ್ರ ಅಲ್ಲ, ಮುಂದೆ ಆ ಕೂಸಿಗೆ ಹುಟ್ಟಬೇಕಾದ ಮಗುವೂ.

ಇಂತಿ,
ತಮ್ಮ ಅಪ್ಪಣೆಗಾಗಿ ಕಾದು ನಿಂತಿರುವ
ಗುಬ್ಬಿಯ ತಾಯಿ
(ಚಿಂತೆಯಿಲ್ಲ, ನಿಂತು ಅಭ್ಯಾಸವಿದೆ)