ಗಾಜಿನ ಮೇಲಿನ ಉಂಗುರ

ಶನಿವಾರ, ಮಧ್ಯಾಹ್ನ

ಗುಬ್ಬಿಯ ಅಪ್ಪನವರಿಗೆ,

‘ಪ್ರಿಯ’ ಎಂದು ಬರೆಯುವ ರೂಢಿ ತಪ್ಪಿಹೋಗಿದೆ. ಉಳಿದಿರುವ ಒಂದೇ ನಂಟು ಹಿಡಿದು ಕರೆದಿದ್ದೇನೆ.

ನೀವು ಕಳಿಸಿದ ಫೋಟೋ ತಲುಪಿತು. ಚೆಂದವಿದೆ. ಮಗಳ ರಕ್ತದಿಂದ ಬೆಳೆಸಿದ, ಮೂಳೆ ಕರಗಿಸಬೇಕಾದ ಜೀವಕೋಶ. ಅದರ ಅಂಚಿಗೆಲ್ಲ ಕೆಂಪಗೆ ಹೊಳೆಯುವ, ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು. ನಿಮ್ಮ ಹೊಸ ಔಷಧಿ ಹಾಕಿದ ಮೇಲೆ ಆ ಎಳೆಗಳು ಉಂಗುರ ಕಟ್ಟಿವೆ, ಇನ್ನು ಈ ಕೋಶಗಳು ಹುಟ್ಟುವ ಅಸ್ಥಿಮಜ್ಜೆಯನ್ನೇ ಬದಲಾಯಿಸುವ ಗೋಜು ಬೇಡ, ಗುಬ್ಬಿಗೆ ಔಷಧಿ ಕೊಡಲು ಒಪ್ಪಿಗೆ ಬರೆದುಕೊಡು ಎಂದಿದ್ದೀರಿ. ಮಗ ಮೊಮ್ಮಗಳ ಕಣ್ಣು ಉಳಿಸಿದ ಎಂದು ಅತ್ತೆ ಫೋನಿನಲ್ಲಿ ಅತ್ತೇಬಿಟ್ಟರು.

ಬೆಳ್ಳಗಿರುವುದೆಲ್ಲ ಹಾಲಲ್ಲ, ಮಹಾನುಭಾವರೇ. ಆ ಕೋಶಗಳನ್ನು ಬೆಳೆಸಿರುವುದು ಗಾಜಿನ ಮೇಲೆ. ಗಾಜಿನ ಮೇಲೆ ಆಕ್ಟಿನ್ ಅಂಚಿಗೆ ಸರಿದು ಸಾಲುಗಟ್ಟುವುದು ದೊಡ್ಡ ಮಾತಲ್ಲ. ಮೂಳೆಯ ಮೇಲೆ ಬಿಗಿಯಾದ ಉಂಗುರ ಕಟ್ಟಿ, ಬೋರಲು ಹಾಕಿದ ಬಟ್ಟಲಿನಂತೆ ಅಂಟಿಕೊಂಡು, ಒಳಗೆ ಆಮ್ಲ ಸುರಿದು ಕುಳಿ ತೋಡಬೇಕು. ಗುಬ್ಬಿಯ ಕೋಶಗಳಿಗೆ ಬಾರದಿರುವುದು ಅದೇ; ಅದಕ್ಕೇ ಹಳೆಯ ಮೂಳೆ ಕರಗದೆ ದಪ್ಪವಾಗಿ ಕಣ್ಣಿನ ನರವನ್ನು ಹಿಚುಕುತ್ತಿದೆ. ಇದನ್ನೆಲ್ಲ ನನಗೆ ಕಲಿಸಿದವರೇ ನೀವು. ಯಾವನಾದರೂ ವಿದ್ಯಾರ್ಥಿ ಈ ಫೋಟೋ ತಂದಿದ್ದರೆ ಅವನ ಮುಖಕ್ಕೇ ಎಸೆಯುತ್ತಿದ್ದಿರಿ.

ಗೊತ್ತಿಲ್ಲದೆ ಆದದ್ದಲ್ಲ ಇದು. ನನ್ನ ಮಜ್ಜೆ ಅವಳಿಗೆ ಹೊಂದುವುದಿಲ್ಲ, ನಿಮ್ಮದು ಹೊಂದುತ್ತದೆ ಎಂದು ಡಾಕ್ಟರು ಹೇಳಿದಂದಿನಿಂದ ನಿಮಗೆ ಒಮ್ಮೆ ಬೆನ್ನುನೋವು, ಒಮ್ಮೆ ಜ್ವರ, ಒಮ್ಮೆ ಸಮ್ಮೇಳನ. ಇಲಿಗಳ ತೊಡೆಮೂಳೆ ಕತ್ತರಿಸುವಾಗ ಒಂದಿನಿತೂ ನಡುಗದ ಕೈ. ಮಜ್ಜೆ ತೆಗೆಯಲು ಸ್ವಂತ ಸೊಂಟಕ್ಕೆ ಸೂಜಿ ಎಂದರೆ ಮಾತ್ರ ಬೆವರು. ಹೆದರಿಕೆಯಾಗುತ್ತದೆ ಎಂದು ಬಾಯಿಬಿಟ್ಟು ಹೇಳಿದ್ದರೆ ನಾನೇ ಪಕ್ಕದಲ್ಲಿ ಕೂತು ಕೈ ಹಿಡಿಯುತ್ತಿದ್ದೆ. ಪುಕ್ಕಲುತನಕ್ಕೆ ವಿಜ್ಞಾನದ ಅಂಗಿ ತೊಡಿಸಿದಿರಲ್ಲ, ಅದು ನನಗೆ ಹೇಸಿಗೆ.

ನಿನ್ನೆ ಊಟಕ್ಕೆ ಕೂತಾಗ ಗುಬ್ಬಿ ಚಮಚವನ್ನು ತಟ್ಟೆಯ ಆಚೆಗೆ ಇಳಿಸಿದಳು. ತಟ್ಟೆ ಯಾಕೆ ಸರಿಸಿದೆ ಎಂದು ನನ್ನನ್ನೇ ಗದರಿದಳು. ತಪ್ಪಾಯಿತು ಮಗಳೇ ಎಂದೆ.

ಒಪ್ಪಿಗೆ ಕೊಡುವುದಿಲ್ಲ. ಸೋಮವಾರ ಮಜ್ಜೆ ಕೊಡಲು ಆಸ್ಪತ್ರೆಗೆ ಬನ್ನಿ. ಬರದಿದ್ದರೆ ಅಪ್ಪ ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ. ಈ ಸಲ ನಿಮ್ಮ ಪರವಾಗಿ ಸುಳ್ಳು ಹೇಳಲು ನಾನಿಲ್ಲ.

ವಂದನೆ ಹೇಳುವ ಮನಸ್ಸಿಲ್ಲದ,
ಗುಬ್ಬಿಯ ಅಮ್ಮ

ಮತ್ತೊಂದು ಮಾತು: ನಿಮ್ಮ ಸಹಾಯಕಿಯನ್ನು ಕಾಡಿ ಬೇಡಿ ಆ ಔಷಧಿಯನ್ನು ತರಿಸಿಕೊಂಡೆ. ಗುಬ್ಬಿಯ ಕೋಶಗಳನ್ನು ನಮ್ಮ ಪ್ರಯೋಗಾಲಯದಲ್ಲಿ ಮೂಳೆಯ ಬಿಲ್ಲೆಯ ಮೇಲೆ ನಾನೇ ಬೆಳೆಸಿ ಆ ಔಷಧಿ ಹಾಕಿದೆ. ಇವತ್ತು ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವಾಗ, ದೇವರೇ, ಇದೊಂದು ಸಲ ಅವರೇ ಗೆಲ್ಲಲಿ, ನಾನೇ ದಡ್ಡಿಯಾಗಲಿ ಎಂದು ಬೇಡಿಕೊಂಡೆ. ಒಂದು ಕುಳಿಯೂ ಇರಲಿಲ್ಲ. ಬನ್ನಿ.