ಗೋಡೆಯ ಮೇಲೆ ಕಿನ್ನಿಯಕ್ಕ

ವಿದ್ಯಾನಗರ
೧೨ ಫೆಬ್ರವರಿ ೨೦೨೫

ಪ್ರೀತಿಯ ಕಿನ್ನಿಯಕ್ಕನಿಗೆ ನಿನ್ನ ತಮ್ಮನ ನಮಸ್ಕಾರಗಳು.

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟು ಮಾಡಬೇಡ, ಬರೆದು ಬರೆದು ಹರಿದೆ. ಫೋನಿನಲ್ಲಿ ನಿನಗೆ ಕೇಳುವುದಿಲ್ಲ. ನಾನು ಕಿರುಚಿದರೆ ನಿಮ್ಮ ಬೆಳ್ಳೂರಿಗೆಲ್ಲ ಕೇಳುತ್ತದೆ. ಇದನ್ನು ಮೈದುನನ ಮನೆಯವರ ಕೈಯಲ್ಲಿ ಓದಿಸದೆ ನೀನೇ ಓದು.

ಕಾಸರಗೋಡಿನ ಹೊಸ ಮ್ಯೂಸಿಯಂನಲ್ಲಿ ಹೆಂಗಸರ ಆರೋಗ್ಯದ ಬಗ್ಗೆ ಒಂದು ಪ್ರದರ್ಶನ ಉಂಟು. ಮೊಮ್ಮಗಳು ಅಕ್ಷಯಾಳ ಜೊತೆ ಹೋಗಿದ್ದೆ. ಸೂಲಗಿತ್ತಿಯ ಕತ್ತರಿ, ಬಾಣಂತಿ ಸ್ನಾನದ ಹಂಡೆ, ಎಲ್ಲದಕ್ಕೂ ಮಲಯಾಳ, ಇಂಗ್ಲಿಷಿನಲ್ಲಿ ಮಾತ್ರ ವಿವರಣೆ. ಕನ್ನಡಕ್ಕೆ ಗೋಡೆಯಲ್ಲಿ ಜಾಗ ಇಲ್ಲ! ಅದಕ್ಕೇ ಜಗಳ ತೆಗೆಯಲು ಹೊರಟವನು ಒಳಕೋಣೆಯಲ್ಲಿ ನಿಂತುಬಿಟ್ಟೆ.

ಗೋಡೆಯಷ್ಟು ದೊಡ್ಡ ಫೋಟೋ. ತುರ್ತುಪರಿಸ್ಥಿತಿಯ ಕಾಲದ ಸಂತಾನಹರಣ ಶಿಬಿರ. ಸಾಲಾಗಿ ಕೂತ ಹೆಂಗಸರು, ಎದುರಿಗೆ ಇನಾಮಿನ ಬಕೆಟುಗಳು. ಮೂರನೆಯವಳು ನೀನು, ನಗುತ್ತಿದ್ದೀ. ಕೆಳಗೆ ಇಂಗ್ಲಿಷಿನಲ್ಲಿ ‘ಸಂತೃಪ್ತ ಫಲಾನುಭವಿಗಳು’ ಎಂಬ ಅರ್ಥದ ಬರಹ.

“ಅಜ್ಜ, ಬಕೆಟ್ ಸಿಕ್ಕಿದ್ದಕ್ಕೆ ಇಷ್ಟು ಖುಷಿಯಾ?” ಎಂದಳು ಅಕ್ಷಯಾ.

ಎಂತ ಹೇಳುವುದು ಅವಳಿಗೆ? ನಿನ್ನ ಕೈಗೂಸು ಕುಂಞನಿಗೆ ಚುಚ್ಚುಮದ್ದು ಎಂದು ಕರೆದುಕೊಂಡು ಹೋಗಿ ನಿನ್ನನ್ನೇ ಆಪರೇಶನ್ನಿಗೆ ಮಲಗಿಸಿದರು ಎಂದೇ? ಒಂದೇ ಮಗುವಿನ ತಾಯಿ, ಇಪ್ಪತ್ತೆರಡರ ಹುಡುಗಿ. ಒಪ್ಪಿಗೆಯ ಕಾಗದಕ್ಕೆ ಭಾವ ಹೆಬ್ಬೆಟ್ಟು ಒತ್ತಿದ. ನಿನ್ನನ್ನು ಯಾರೂ ಕೇಳಲಿಲ್ಲ. ಮರುವರ್ಷ ಜ್ವರದಲ್ಲಿ ಕುಂಞ ಹೋದ. ಆಮೇಲೆ ಊರೆಲ್ಲ ನಿನ್ನನ್ನೇ ಬಂಜೆ ಎಂದಿತು.

ಪ್ರದರ್ಶನ ನೋಡಿಕೊಳ್ಳುವವಳು ಶಹಾನಾ ಎಂಬ ಹುಡುಗಿ. “ಇವರ ಹೆಸರು ಗೊತ್ತಿಲ್ಲ ಸರ್, ಹಳೇ ಫೋಟೋ” ಎಂದಳು.

“ಹೆಸರು ಗೊತ್ತಿಲ್ಲ, ಸಂತೃಪ್ತಿ ಮಾತ್ರ ಹೇಗೆ ಗೊತ್ತಾಯಿತು ಮಾರಾಯ್ತಿ? ಇವಳು ನನ್ನ ಅಕ್ಕ. ಈಗಲೇ ತೆಗೆಯಿರಿ!”

ಅವಳ ಮುಖ ಸಣ್ಣದಾಯಿತು. ಬರಹ ಇಂದೇ ತೆಗೆಸುತ್ತೇನೆ ಎಂದಳು. “ಫೋಟೋ ಬೇಡ ಅಂತ ಮಾತ್ರ ಅವರೇ ಹೇಳಬೇಕು ಸರ್, ನೀವಲ್ಲ.”

ಭಾವನ ಹಾಗೆ ನಾನೂ ನಿನ್ನ ಪರವಾಗಿ ಹೆಬ್ಬೆಟ್ಟು ಒತ್ತಲು ಹೊರಟಿದ್ದೆ. ಇರಲೋ, ತೆಗೆಯಲೋ, ನೀನೇ ಹೇಳು ಅಕ್ಕ.

ಗಂಟುನೋವಿನ ಎಣ್ಣೆ ಬಸ್ಸಿನಲ್ಲಿ ಕಳಿಸಿದ್ದೇನೆ. ಅಕ್ಷಯಾಳ ಮೇಲೆ ನಿನ್ನ ಆಶೀರ್ವಾದ ಇರಲಿ.

ನಿನ್ನ
ಮುದ್ದಣ್ಣ

ಪುನಶ್ಚ: ನಿನ್ನೆ ಒಬ್ಬನೇ ಮತ್ತೆ ಹೋದೆ. ಮೊದಲ ದಿನ ಸಿಟ್ಟಿನಲ್ಲಿ ಕಾಣದ್ದು ಕಂಡಿತು. ಬಕೆಟಿನ ಮರೆಯಲ್ಲಿ, ನಿನ್ನ ಮಡಿಲಲ್ಲಿ ಕುಂಞ ಇದ್ದಾನೆ, ನಿನ್ನ ಬಳೆ ಹಿಡಿದುಕೊಂಡು. ನೀನು ನಗುತ್ತಿರುವುದು ಅವನನ್ನು ನೋಡಿ. ಅವನ ಬೇರೆ ಫೋಟೋ ನಮ್ಮಲ್ಲಿ ಇಲ್ಲ. ಅವನ ಮುಖವೇ ಈಗ ನೆನಪಿಗೆ ಬರುವುದಿಲ್ಲವೆಂದು ಕಾಗದದಲ್ಲಿ ಬರೆದಿದ್ದೆಯಲ್ಲ. ಎಡಗೆನ್ನೆಯಲ್ಲಿ ಗುಳಿ ಉಂಟು, ಅಕ್ಕ.