ಜುಮುಕಿಗೆ ಕಾವಲು

೧೯೫೮ ಜನವರಿ ೬, ಸೋಮವಾರ

ಐದಕ್ಕೆ ಗರಡಿ. ದಂಡ ನೂರು, ಬಸ್ಕಿ ಇನ್ನೂರು, ಗದೆ ಮೂವತ್ತು ಸುತ್ತು. ಆರೂವರೆಗೆ ಗದೆ ಕೆಳಗಿಟ್ಟು ಮನೆ, ಸ್ನಾನ. ಬಲಗೈ ನಡುಕ ನಿಂತದ್ದು ಏಳು ಗಂಟೆ ಐದು ನಿಮಿಷಕ್ಕೆ. ಗದೆ ಬೀಸಿದ ಮೇಲೆ ಕೈ ನಡುಗುವುದು ಹೊಸದಲ್ಲ. ಹಿಂದೆ ಹತ್ತು ನಿಮಿಷ ಇರುತ್ತಿತ್ತು. ಈಗ ಮೂವತ್ತೈದು. ಹೇಗೂ ಒಂಬತ್ತಕ್ಕೆ ಮುಂಚೆ ಚಿಮಟ ಹಿಡಿಯುವುದಿಲ್ಲ.

ಹಗಲು ಒಂದು ಜೊತೆ ಓಲೆ, ಒಂದು ಮುರಿದ ಕೊಂಡಿ. ಸಂಜೆ ಲೈಬ್ರರಿ. ಅಶೋಕ ರಸ್ತೆಯ ಚಿನ್ನದ ಅಂಗಡಿ ಬಿಟ್ಟು ಮನೆಯ ಜಗಲಿಯಲ್ಲಿ ಸ್ವಂತಕ್ಕೆ ಕೂತು ಏಳು ವರ್ಷ. ಬೆಳಿಗ್ಗೆ ಮೈಗೆ, ಹಗಲು ಕಸುಬಿಗೆ, ಸಂಜೆ ಪುಸ್ತಕಕ್ಕೆ. ಅಂಗಡಿಯಲ್ಲಿದ್ದಾಗ ಮೂರೂ ಮಾಲೀಕರದ್ದೇ ಆಗಿತ್ತು.

ಈಗ ಓದುತ್ತಿರುವುದು ರಷ್ಯನ್ ಕಾದಂಬರಿಯ ಅನುವಾದ. ಪ್ರತಿ ಅಧ್ಯಾಯದಲ್ಲೂ ಸಮೋವಾರ್ ಎಂಬ ಹಿತ್ತಾಳೆ ಪಾತ್ರೆ ಕುದಿಯುತ್ತದೆ. ಅದರ ನಲ್ಲಿಯನ್ನು ಯಾವ ಬೆಸುಗೆಯಿಂದ ಕೂರಿಸುತ್ತಾರೋ, ಅನುವಾದಕರು ಹೇಳಿಲ್ಲ.

ಜನವರಿ ೧೯, ಭಾನುವಾರ

ಐವತ್ತೈದು ನಿಮಿಷ.

ಗರಡಿಯಲ್ಲಿ ಉಸ್ತಾದ್ ಮರಿಸ್ವಾಮಿಯವರು ನೋಡಿಬಿಟ್ಟರು. ಗದೆ ಗೋಡೆಗೆ ಒರಗಿಸುವಾಗ ಟಕಟಕ ಸದ್ದಾಯಿತು.

“ಏನಯ್ಯಾ ಆಚಾರಿ, ಕಾದಂಬ್ರಿ ಓದಿ ಓದಿ ನರ ಎಲ್ಲ ಸಡ್ಲ ಮಾಡ್ಕಂಬುಟ್ಟಿದ್ದೀಯಲ್ಲಾ.”

“ಚಳಿ ಉಸ್ತಾದ್ರೇ.”

“ಚಳಿಗೆ ಎಡಗೈ ಯಾಕ್ ನಡುಗ್ತಿಲ್ಲ? ಅದೇನು ನಿಂದಲ್ವಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಪ್ರಶ್ನೆ ಸರಿಯಾದದ್ದೇ. ಮನೆಗೆ ಬರುವವರೆಗೂ ಅದನ್ನೇ ಯೋಚಿಸಿದೆ.

ನಾಳೆಯಿಂದ ಹದಿನೈದು ದಿನ ನನಗೆ ಗರಡಿ ಬಂದ್. ನಡುಕ ಗದೆಯಿಂದಲೋ ಅಲ್ಲವೋ ಎಂಬ ಪರೀಕ್ಷೆಗೆ.

ಜನವರಿ ೨೭

ಎಂಟನೆಯ ದಿನ. ದಂಡ ಇಲ್ಲ, ಗದೆ ಇಲ್ಲ. ಕೈ ಬೆಳಿಗ್ಗೆಯೂ ನಡುಗುತ್ತದೆ, ಮಧ್ಯಾಹ್ನವೂ ನಡುಗುತ್ತದೆ. ಸುಮ್ಮನೆ ತೊಡೆಯ ಮೇಲಿಟ್ಟರೆ ಇಲ್ಲ. ಏನಾದರೂ ಹಿಡಿದರೆ ಶುರು. ಪುಸ್ತಕ ಹಿಡಿದರೆ ಸಾಲುಗಳು ಅಲುಗುತ್ತವೆ. ಡೆಸ್ಕಿನ ಮೇಲೆ ಇಟ್ಟು ಓದುತ್ತಿದ್ದೇನೆ.

ಗರಡಿಯದು ತಪ್ಪಿಲ್ಲ. ಆದರೂ ವಾಪಸು ಹೋಗಲು ಮನಸ್ಸಾಗುತ್ತಿಲ್ಲ. ನಾಲ್ಕೂವರೆಗೇ ಎಚ್ಚರವಾಗುತ್ತದೆ. ಎದ್ದು ಮಾಡುವುದು ಏನೂ ಇಲ್ಲ. ನಲವತ್ತೊಂದು ವರ್ಷದ ಮೈ, ಗಟ್ಟಿಯಾಗೇ ಇದೆ. ಮಣಿಕಟ್ಟಿನಿಂದ ಆಚೆಗೆ ಬೇರೆ ಯಾರದೋ.

ಫೆಬ್ರವರಿ ೩, ಸೋಮವಾರ

ಶಿವರಾಂಪೇಟೆಯ ಡಾಕ್ಟರ ಹತ್ತಿರ ಹೋದೆ. ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಸದ್ದು ಮಾಡಿತು.

“ನಿಮ್ಮ ತಂದೆಗಿತ್ತಾ?”

“ಕೊನೇಲಿ ಸ್ವಲ್ಪ.”

“ಏನು ಕೆಲಸ ಮಾಡ್ತೀರಿ?”

“ಚಿನ್ನದ ಕೆಲಸ.”

ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು: “ಬೇರೆ ಏನಾದ್ರೂ ಬರುತ್ತಾ ನಿಮಗೆ?”

ಓದಲು ಬರುತ್ತದೆ ಎಂದೆ. ತಮಾಷೆಗೆ ಹೇಳಿದ್ದಲ್ಲ. ಬೇರೆ ಏನೂ ಹೊಳೆಯಲಿಲ್ಲ.

ಪ್ರಾಣಕ್ಕೆ ಭಯವಿಲ್ಲವಂತೆ. ಕಡಿಮೆಯೂ ಆಗುವುದಿಲ್ಲವಂತೆ. ಯಾರಾದರೂ ನೋಡುತ್ತಿದ್ದರೆ ಹೆಚ್ಚಾಗುತ್ತದಂತೆ.

ಗಿರಿಜಾಂಬಾಗೆ ಲೈಬ್ರರಿಗೆ ಹೋಗಿದ್ದೆ ಎಂದೆ. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು ಇದೇ ಇರಬೇಕು. ಈಗ ಊಟಕ್ಕೂ ಪುಸ್ತಕ ಇಟ್ಟುಕೊಂಡು ಒಬ್ಬನೇ ಕೂರುತ್ತೇನೆ. ಬಡಿಸಿ ಒಳಗೆ ಹೋಗುತ್ತಾಳೆ.

ಫೆಬ್ರವರಿ ೨೦, ಗುರುವಾರ

ಚಾಮರಾಜಪುರಂನಿಂದ ಗೋವಿಂದರಾಜು ಬಂದಿದ್ದರು. ಅರಮನೆಯ ಕಚೇರಿಯಲ್ಲಿದ್ದು ರಿಟೈರ್ ಆದವರು. ಮಗಳು ಶಾರದೆಗೆ ಏಪ್ರಿಲ್‌ನಲ್ಲಿ ಮದುವೆ. ಹೆಂಡತಿ ಸುಂದರಮ್ಮನವರ ಹಳೆಯ ಬಳೆ ಕರಗಿಸಿ ಜುಮುಕಿ ಮಾಡಬೇಕು. ಅಂಚಿಗೆ ಸಾಸಿವೆ ಗಾತ್ರದ ಗುಂಡು, ಒಂದೊಂದಕ್ಕೆ ಅರವತ್ತು.

“ನಾನು ಬಂದು ಕೂತ್ಕೋತೀನಿ ಆಚಾರ್ರೇ. ತಪ್ಪು ತಿಳ್ಕೋಬೇಡಿ.”

ಇದು ಪದ್ಧತಿ, ಅವಮಾನವಲ್ಲ. ಚಿನ್ನ ಕೊಟ್ಟವರು ಕೆಲಸ ಮುಗಿಯುವತನಕ ಅಕ್ಕಸಾಲಿಯ ಎದುರಿಗೆ ಕೂತು ನೋಡುತ್ತಾರೆ. ಅಪ್ಪನ ಎದುರಿಗೂ ಕೂರುತ್ತಿದ್ದರು. ಅಪ್ಪ ಅವರಿಗೆ ಎಲೆ ಅಡಿಕೆ ಕೊಟ್ಟು ಕಥೆ ಹೇಳುತ್ತಿದ್ದರು.

ಆಗಲಿ ಎಂದೆ. ಬೇಡ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು.

ಮಾರ್ಚ್ ೩

ಮೊದಲ ದಿನ. ಕರಗಿಸಿ, ತಗಡು ಬಡಿದು, ತಂತಿ ಎಳೆದೆ. ಬೆಂಕಿಯ ಕೆಲಸ, ಬಲದ ಕೆಲಸ. ಕೈ ಮಾತು ಕೇಳಿತು. ಗೋವಿಂದರಾಜು ನನ್ನ ಪುಸ್ತಕ ತಿರುವಿ ಹಾಕಿದರು.

“ಬಂಗಾಳಿಯಿಂದ ಕನ್ನಡಕ್ಕೆ ತಂದಿದ್ದು. ಚೆನ್ನಾಗಿದೆಯೇ?”

“ಜನ ತುಂಬಾ ಅಳ್ತಾರೆ ಸ್ವಾಮಿ. ನೂರು ಪುಟಕ್ಕೆ ಹತ್ತೊಂಬತ್ತು ಸಲ.”

“ಎಣಿಸಿದ್ದೀರಾ?” ಎಂದು ಕನ್ನಡಕದ ಮೇಲಿಂದ ನೋಡಿದರು. “ಎಣಿಸೋ ಅಕ್ಕಸಾಲಿ ಸಿಕ್ಕಿದ್ದು ನಮ್ಮ ಪುಣ್ಯ.”

ಒಳ್ಳೆಯ ಮನುಷ್ಯ.

ಮಾರ್ಚ್ ೪, ಸಂಜೆ ೫

ಇವತ್ತು ಗುಂಡು ಕೂರಿಸುವುದಿತ್ತು. ಚಿಮಟದಲ್ಲಿ ಒಂದು ಗುಂಡು ಎತ್ತಿ ಅಂಚಿಗೆ ತರುವಷ್ಟರಲ್ಲಿ ಉದುರಿತು. ಎರಡನೆಯದೂ ಉದುರಿತು. ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡೆ. ಅವರು ಪತ್ರಿಕೆ ಮಡಿಸಿಟ್ಟರು.

“ಎಲ್ಲಿ ಬಿತ್ತು?”

“ತಟ್ಟೆಗೇ ಸ್ವಾಮಿ.”

“ತಟ್ಟೇಲಿ ಒಂದಿದೆ. ಇನ್ನೊಂದು?”

ಹುಡುಕಿದೆವು. ಅಗ್ಗಿಷ್ಟಿಕೆಯ ಸುತ್ತ, ಚಾಪೆಯ ಕೆಳಗೆ. ಅವರೂ ಪಂಚೆ ಎತ್ತಿ ಕಟ್ಟಿ ಮೊಣಕಾಲೂರಿ ಹುಡುಕಿದರು. ಅರ್ಧ ಗಂಟೆಯಾದ ಮೇಲೆ ನಾನು ಎದ್ದು ನಿಂತಾಗ ನನ್ನದೇ ಪಂಚೆಯ ನೆರಿಗೆಯಲ್ಲಿ ಕಂಡಿತು. ನಾನೇ ತೆಗೆದು ಕೊಟ್ಟೆ. ಕೊಡುವಾಗ ಕೈ ಇನ್ನೂ ಜೋರಾಗಿ ನಡುಗಿತು.

ಅವರು ಗುಂಡನ್ನು ನೋಡಲಿಲ್ಲ. ಕೈ ನೋಡಿದರು. ಆಮೇಲೆ ಮುಖ.

“ಒಳ್ಳೇ ಜಾಗ ನೋಡ್ಕೊಂಡಿತ್ತು ಬಿಡಿ.”

ಆಮೇಲೆ ಸಂಜೆಯವರೆಗೂ ಪತ್ರಿಕೆ ಬಿಚ್ಚಲಿಲ್ಲ. ಎಷ್ಟು ನೋಡಿದರೋ ಅಷ್ಟು ನಡುಗಿತು. ಎಷ್ಟು ನಡುಗಿತೋ ಅಷ್ಟು ನೋಡಿದರು.

ಮಾರ್ಚ್ ೬

ನಿನ್ನೆ ಆಗಬೇಕಾದ್ದು ಇವತ್ತು ಮುಗಿಯಿತು. ನೂರಿಪ್ಪತ್ತು ಗುಂಡುಗಳಲ್ಲಿ ಹನ್ನೊಂದು ಸೊಟ್ಟಗೆ ಕೂತಿವೆ. ಅವರಿಗೆ ಕಾಣುವುದಿಲ್ಲ, ನನಗೆ ಕಾಣುತ್ತದೆ. ತೂಕ ಸರಿಯಿತ್ತು. ಮೂರು ಸಲ ತೂಗಿಸಿದರು. ತಕ್ಕಡಿ ಅವರದೇ.

“ತೂಕ ಸರಿ ಇದೆ,” ಎಂದರು. ತೂಕ ಒಂದೇ ಸರಿ ಎಂಬಂತೆ. ಬೇರೆಯವರ ಹತ್ತಿರ ಒರೆ ಹಚ್ಚಿಸಲು ಕೊಂಡುಹೋಗುತ್ತಾರೆ. ಹಚ್ಚಿಸಲಿ. ಅಲ್ಲೂ ಸರಿ ಇರುತ್ತದೆ. ಆದರೂ ನಂಬುವುದಿಲ್ಲ. ಕದಿಯದವನ ಕೈ ಯಾಕೆ ಹಾಗೆ ನಡುಗಬೇಕು?

ಒಂದು ಮಾತು ಹೇಳಿದ್ದರೆ ಸಾಕಿತ್ತು — ಸ್ವಾಮಿ, ಇದು ಕಾಯಿಲೆ. ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

ಮಾರ್ಚ್ ೧೪, ಶುಕ್ರವಾರ

ಗಿರಿಜಾಂಬಾ ಬೀದಿ ನಲ್ಲಿಯಿಂದ ಖಾಲಿ ಕೊಡ ತಂದಳು. ಪಕ್ಕದ ಮನೆಯ ಪುಟ್ಟಬಸಮ್ಮ ಎಲ್ಲರೆದುರಿಗೆ ಕೇಳಿದರಂತೆ: “ನಿಮ್ಮೆಜಮಾನ್ರ ಪಂಚೇಲಿ ಚಿನ್ನ ಬೆಳೀತದಂತಲ್ಲ ಕಣಮ್ಮ, ನಮ್ಗೂ ಒಂದು ಬೀಜ ಕೊಡಿ.”

ಕೊಡ ಕೆಳಗಿಟ್ಟು ನನ್ನೆದುರಿಗೆ ನಿಂತಳು.

“ತಗೊಂಡಿದ್ರಾ?”

“ಇಲ್ಲ.”

“ಮತ್ಯಾಕೆ ಕೈ ನಡುಗ್ತಂತೆ?”

“ಬೆಳಿಗ್ಗೆ ಗದೆ ಬೀಸಿದ್ದೆ.”

“ಗರಡಿಗೆ ಹೋಗಿ ಎರಡು ತಿಂಗಳಾಗ್ತಾ ಬಂತಲ್ಲ.”

ಒಳಗೆ ಹೋದಳು. ನೀರಿಗೆ ಮತ್ತೆ ಹೋಗಲಿಲ್ಲ. ನಾನೇ ತಂದೆ, ಎಡಗೈಯಲ್ಲಿ.

ಏಪ್ರಿಲ್ ೨

ಉದಯಗಿರಿಯಿಂದ ದೇವರಾಜು ಎಂಬುವವರು ಸೊಂಟದ ಡಾಬು ಮಾಡಿಸಲು ಬಂದರು. ಎಲ್ಲ ಕೇಳಿಕೊಂಡೇ ಬಂದಿದ್ದಾರೆ. ಮುಖದ ಮೇಲೇ ಹೇಳಿದರು:

“ನಿಮ್ ಕೆಲ್ಸ ಚೆಂದ ಅಂತಾರೆ, ಕೈ ಚೂರು ಉದ್ದ ಅಂತಾರೆ. ಅದ್ಕೇ ನಾನೂ ನಮ್ ಭಾಮೈದ್ನೂ ಇಬ್ರೂ ಕೂತ್ಕತೀವಿ. ಬೇಜಾರ್ ಮಾಡ್ಕಬ್ಯಾಡಿ.”

ತೂಗಿ, ತೂಕ ಬರೆಸಿಕೊಂಡು ಚಿನ್ನ ಇಟ್ಟುಹೋದರು. ಹದಿನಾಲ್ಕನೇ ತಾರೀಕು ಬಂದು ಕೂರುತ್ತಾರೆ.

ಈಗ ಅರ್ಥವಾಯಿತು. ಕಳ್ಳ ಎಂದರೂ ಕೆಲಸ ಬರುತ್ತದೆ, ಕಾವಲು ಒಂದರಿಂದ ಎರಡಾಗುತ್ತದೆ, ಅಷ್ಟೆ. ಕೈ ಹೋಗಿದೆ ಎಂದರೆ ಯಾರೂ ಬರುವುದಿಲ್ಲ. ಹಿಂದಿನ ಬೀದಿಯ ಶಿವರುದ್ರಪ್ಪ ಇದ್ದಾನೆ. ನನಗಿಂತ ಒಳ್ಳೆಯ ಕಸುಬುದಾರ. ಕಣ್ಣು ಹೋಯಿತು. ಈಗ ಅದೇ ಜಗಲಿಯಲ್ಲಿ ವಿಳ್ಳೆದೆಲೆ ಮಾರುತ್ತಾನೆ. ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿಸುತ್ತಾರೆ.

ಹಾಗಾದರೆ ಕಳ್ಳನಾಗಿಯೇ ಇರಬಹುದು. ಇನ್ನೆರಡು ವರ್ಷ, ಮೂರು ವರ್ಷ. ಇದನ್ನು ಬರೆದು ಮತ್ತೆ ಓದಿದೆ. ತಪ್ಪು ಕಾಣಲಿಲ್ಲ. ಅದೇ ಹೆದರಿಕೆ.

ಪುಸ್ತಕ ಲೈಬ್ರರಿಗೆ ವಾಪಸು ಕೊಟ್ಟೆ. ಓದಿ ಮುಗಿಸದೆ ಕೊಟ್ಟದ್ದು ಇದೇ ಮೊದಲು.

ಏಪ್ರಿಲ್ ೧೩, ಭಾನುವಾರ, ಮಧ್ಯಾಹ್ನ ೩

ಗಿರಿಜಾಂಬಾ ಬೆಳಿಗ್ಗೆ ಅವಳ ಅಕ್ಕನ ಮೊಮ್ಮಗುವಿನ ನಾಮಕರಣಕ್ಕೆ ಹೋಗಿದ್ದಳು. ಊಟಕ್ಕೆ ಮುಂಚೆಯೇ ವಾಪಸು ಬಂದಳು. ಸೀರೆ ಬದಲಿಸಿ, ಒಲೆ ಹಚ್ಚಿ, ಅನ್ನಕ್ಕಿಟ್ಟಳು. ಕೇಳಿದೆ. ಬೇಳೆ ತೊಳೆದಳು. ಇನ್ನೊಮ್ಮೆ ಕೇಳಿದೆ. ಒಲೆಯ ಕಡೆ ನೋಡುತ್ತಾ ಹೇಳಿದಳು:

“ಮಗೂನ ಎತ್ಕೊಂಡೆ. ಅದರ ಕೊರಳಲ್ಲಿದ್ದ ಸರಾನ ಮಗೂ ಸೋದರತ್ತೆ ಬಂದು ಬಿಚ್ಕೊಂಡ್ರು. ಮಗೂಗೆ ಚುಚ್ಚುತ್ತೆ ಅಂದ್ರು. ನಾನು ಕೆಳಗೆ ಮಲಗಿಸಿದ ಮೇಲೆ ಮತ್ತೆ ಹಾಕಿದ್ರು.”

ಅಳಲಿಲ್ಲ. ಅನ್ನ ಬಸಿದಳು.

ನಾನು ಕಳ್ಳನಾಗಿರಲು ಒಪ್ಪಿಕೊಂಡಾಗ ಇವಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಲ್ಲವನ್ನೂ ಎಣಿಸುವವನು ಇದೊಂದನ್ನು ಬಿಟ್ಟೆ.

ತೀರ್ಮಾನ. ದೇವರಾಜುವಿನ ಚಿನ್ನ ಮುಟ್ಟದೆ ನಾಳೆ ವಾಪಸು. ಅಲ್ಲಿಂದ ಚಾಮರಾಜಪುರಂಗೆ. ಗೋವಿಂದರಾಜು ಅವರ ಮನೆಯಲ್ಲಿ ಚಪ್ಪರ ಹಾಕುತ್ತಿದ್ದಾರಂತೆ, ನೆಂಟರು ತುಂಬಿದ್ದಾರಂತೆ. ಒಳ್ಳೆಯದು. ಜನ ಇರುವಾಗಲೇ ಹೇಳುವುದು. ಮಾತನ್ನು ಬರೆದು ನೋಡಿದೆ — ‘ಕದ್ದಿಲ್ಲ ಸ್ವಾಮಿ, ಕೈ ಹೋಗಿದೆ.’ ನಾಲ್ಕು ಪದ. ಮೊದಲಿನದನ್ನು ಅವರು ನಂಬಬೇಕಾದರೆ ಕೊನೆಯ ಎರಡನ್ನು ನಾನು ಕೈ ಚಾಚಿ ತೋರಿಸಬೇಕು. ಆಮೇಲೆ ಆ ಮನೆಯವರಾಗಲಿ, ಅಲ್ಲಿ ನಿಂತವರಾಗಲಿ, ಯಾರೂ ಚಿನ್ನ ತರುವುದಿಲ್ಲ. ಜಗಲಿಯಲ್ಲಿ ಏನು ಮಾಡುತ್ತೇನೋ ಗೊತ್ತಿಲ್ಲ.

ಆದರೆ ಎಲ್ಲಕ್ಕೂ ಮೊದಲು ಇವಳಿಗೆ ಗೊತ್ತಾಗಬೇಕು.

ಕಾಫಿಗೆ ಕರೆಯುತ್ತಿದ್ದಾಳೆ. ಇಷ್ಟು ದಿನ ಲೋಟವನ್ನು ಎಡಗೈಯಲ್ಲೇ ತೆಗೆದುಕೊಳ್ಳುತ್ತಿದ್ದೆ, ಅವಳು ಆ ಕಡೆ ತಿರುಗಿದ ಮೇಲೆ. ಇವತ್ತು ಅವಳು ನೋಡುತ್ತಿರುವಾಗಲೇ ಬಲಗೈ ಚಾಚುತ್ತೇನೆ.